ಏಳು ಮನೆಗೆ ಕೊಟ್ಟ ಬೀಜ

ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಓದಿದ ಮೇಲೆ 'ಅಯ್ಯೋ, ಒಳ್ಳೇ ಮುದುಕಿ ಅಂದ್ಕೊಂಡಿದ್ವಲ್ಲ' ಅಂತ ಯಾರೂ ಬಾಯಿ ಬಡಿದುಕೊಳ್ಳುವುದು ಬೇಡ. ನನ್ನ ವಾರಗಿತ್ತಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳು ನನಗೇನಾದರೂ ಮಾಡಿದ್ದಳಾ ಅಂದರೆ ಏನೂ ಮಾಡಿರಲಿಲ್ಲ. ಅದೇ ತಾನೇ ಕಷ್ಟ! ಏನಾದರೂ ಮಾಡಿದ್ದರೆ ಜುಟ್ಟು ಹಿಡಿದು ಜಗಳ ಆಡಿ ಹಗುರ ಮಾಡಿಕೊಳ್ಳಬಹುದಿತ್ತು.

ನಮ್ಮೂರು ಅರಕಲಗೂಡು ತಾಲ್ಲೂಕಿನದು. ಬೆಳಿಗ್ಗೆ ಎತ್ತಿನ ಗಾಡಿ ಕಟ್ಟಿದರೆ ಬಿಸಿಲು ಏರುವಷ್ಟರಲ್ಲಿ ಪೇಟೆ ಸೇರಬಹುದು, ಅಷ್ಟು ದೂರ. ನಾನು ಹೊಳೆನರಸೀಪುರದ ಕಡೆಯಿಂದ ಈ ಮನೆಗೆ ಹಿರೇ ಸೊಸೆಯಾಗಿ ಬಂದೆ. ಓದಿದ್ದು ನಾಲ್ಕನೇ ಕ್ಲಾಸು. ನಮ್ಮ ಅತ್ತೆ ಬಾಯಿ ಜೋರಿನ ಹೆಂಗಸು, ಆದರೆ ಒಂದು ಕೆಲಸ ಮಾತ್ರ ನನಗೆ ಬೈಯದೆ ಕಲಿಸಿದರು. ಬಿತ್ತನೆ ರಾಗಿ ಆರಿಸುವುದು.

ಅದು ಸುಮ್ಮನೆ ಕೆಲಸ ಅಲ್ಲ. ಕುಯ್ಲಿಗೆ ಇನ್ನೊಂದು ವಾರ ಇದೆ ಅನ್ನುವಾಗ ಹೊಲದ ನಡುಮಧ್ಯಕ್ಕೆ ಹೋಗಬೇಕು. ಬದುವಿನ ಪಕ್ಕದ ತೆನೆ ಬೇಡ. ತಿಪ್ಪೆ ಗೊಬ್ಬರ ಗುಡ್ಡೆ ಬಿದ್ದ ಜಾಗದ ತೆನೆಯೂ ಬೇಡ, ಅದು ಬಿಟ್ಟಿ ತಿಂದು ಕೊಬ್ಬಿರುತ್ತದೆ. ಎಲ್ಲರ ಜೊತೆ ಒತ್ತಿಕೊಂಡು ನಿಂತೂ ಮುಷ್ಟಿ ಬಿಗಿದಿರುತ್ತದಲ್ಲ, ಆ ತೆನೆ ಬೇಕು. ಮುರಿದು ತಂದು, ಒಣಗಿಸಿ, ಕೈಯಲ್ಲೇ ಉಜ್ಜಿ, ಬೂದಿ ಬೆರೆಸಿ, ಹುಳ ಬೀಳದ ಹಾಗೆ ಲಕ್ಕಿ ಸೊಪ್ಪು ಹಾಕಿ ಮಣ್ಣಿನ ಗುಡಾಣಕ್ಕೆ ತುಂಬಿ, ಬಾಯಿಗೆ ಸಗಣಿ ಮೆತ್ತಬೇಕು. ಮಳೆ ಬಿದ್ದು ನೆಲ ಹದಕ್ಕೆ ಬರುವ ತನಕ ಆ ಗುಡಾಣದ ಬಾಯಿ ಯಾರೂ ತೆಗೆಯುವ ಹಾಗಿಲ್ಲ, ಮನೆಯಲ್ಲಿ ಹಿಟ್ಟು ಮುಗಿದಿದ್ದರೂ ಸರಿಯೇ.

ನನ್ನ ಕೈಯಿಂದ ಹೋದ ರಾಗಿ ಹುಸಿ ಹೋಗಲ್ಲ ಅಂತ ಊರಲ್ಲಿ ಮಾತಿತ್ತು. ಮಳೆ ಬಿದ್ದ ಮಾರನೇ ಬೆಳಿಗ್ಗೆ ಮೊರ ಹಿಡಿದುಕೊಂಡು ಹೆಂಗಸರು ನಮ್ಮ ಜಗಲಿ ಮುಂದೆ ನಿಲ್ಲುತ್ತಿದ್ದರು. ಬಿತ್ತನೆ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನುವಂತಿಲ್ಲ. ಕೊಡುವವಳು ತನ್ನ ಹೊಲಕ್ಕೆ ಏನು ಬಿತ್ತುತ್ತಾಳೋ ಅದೇ ಗುಡಾಣದಿಂದ ಕೊಡಬೇಕು. ಸುಗ್ಗಿಯಲ್ಲಿ ಅವರು ಅಷ್ಟನ್ನು ತಂದು ಸುರಿದು ಹೋಗುತ್ತಾರೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಳೆದು ಹಾಕುತ್ತಾ 'ಏ, ಮೇಲ್ ಹೊಲಕ್ಕೆ ಇದು ಬೇಡ ಕಣೇ, ಹದಿನೈದು ದಿನ ತಡೆದು ಬಾ' ಅಂತ ಬುದ್ಧಿ ಹೇಳುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು.

ಆ ಹೂಂ ನನಗೆ ಎಷ್ಟು ಬೇಕಾಗಿತ್ತು ಅಂತ ಆಗ ಗೊತ್ತಿರಲಿಲ್ಲ. ಯಾಕೆಂದರೆ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಿದವರಲ್ಲ. ನಮ್ಮನೆಯವರು ಕೆಟ್ಟವರಲ್ಲ, ಕೈ ಮಾಡಿದವರಲ್ಲ. ಆದರೆ ಎಮ್ಮೆ ಮಾರುವಾಗ ಕೇಳಲಿಲ್ಲ, ಮಗಳನ್ನು ಕೊಡುವಾಗ ಕೇಳಲಿಲ್ಲ, ತಮ್ಮನ ಜೊತೆ ಪಾಲು ಮಾಡಿಕೊಂಡು ನಡುಮನೆಗೆ ಗೋಡೆ ಎಬ್ಬಿಸುವಾಗಲೂ 'ಏನೇ?' ಅಂತ ಒಂದು ಮಾತು ಅನ್ನಲಿಲ್ಲ. ಬಿತ್ತನೆ ವಿಷಯದಲ್ಲಿ ಮಾತ್ರ ಇಡೀ ಊರು ನನ್ನನ್ನು ಕೇಳುತ್ತಿತ್ತು. ನನ್ನ ಪಾಲಿಗೆ ಇದ್ದದ್ದು ಅದೊಂದೇ.

ಗೋಡೆಯ ಆ ಕಡೆ ಇದ್ದವಳು ನನ್ನ ವಾರಗಿತ್ತಿ. ಚನ್ನರಾಯಪಟ್ಟಣದವಳು. ಅವಳಪ್ಪ ಸ್ಕೂಲ್ ಮೇಷ್ಟ್ರು. ಎಲ್ಎಸ್, ಅಂದರೆ ಲೋಯರ್ ಸೆಕೆಂಡರಿ, ಪಾಸು ಮಾಡಿದ್ದಳು. ನಮ್ಮೂರ ಗಂಡಸರಲ್ಲೇ ಅಷ್ಟು ಓದಿದವರು ಇಬ್ಬರೋ ಮೂವರೋ ಇದ್ದರು. ಬೆಳ್ಳಗೆ, ತೆಳ್ಳಗೆ, ಮಾತು ಮೆತ್ತಗೆ. ನನ್ನನ್ನು 'ನೀವು, ತಾವು' ಅಂತಿದ್ದಳು. ಊರ ಹೆಂಗಸರೆಲ್ಲ ಒಬ್ಬರಿಗೊಬ್ಬರು 'ಬಾರೇ, ಓಗೇ' ಅಂತಿದ್ದರೆ ಇವಳದು 'ಅಕ್ಕ, ಊಟ ಆಯ್ತಾ ನಿಮ್ದು?' ಅದಕ್ಕೂ ನನಗೆ ಉರಿ. ನಾನೇನು ತಾಸೀಲ್ದಾರನ ಹೆಂಡ್ತಿಯಾ?

ಅರವತ್ತನೇ ಇಸವಿಯ ಆಚೆ ಈಚೆ ಇರಬೇಕು, ಬ್ಲಾಕ್ ಆಫೀಸಿನಿಂದ ಗ್ರಾಮಸೇವಕರು ಅಂತ ಒಬ್ಬರು ಸೈಕಲ್ ಮೇಲೆ ಬರತೊಡಗಿದರು. ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ ಆ ಹುಡುಗನಿಗೆ. ಅವರು ಮೊದಲು ಬಂದಿದ್ದು ನಮ್ಮ ಜಗಲಿಗೇ. ಮುಸುಕಿನ ಜೋಳ, ಹೈಬ್ರಿಡ್ ಅಂತೆ, ಸಾಲಲ್ಲಿ ಹಾಕಬೇಕಂತೆ, ಸೀಮೆ ಗೊಬ್ಬರ ಕೊಡಬೇಕಂತೆ, ಬೀಜ ಗೊಬ್ಬರ ಮೊದಲ ಸಲ ಸರ್ಕಾರದ್ದೇ. ನಮ್ಮನೆಯವರು ಎಲೆ ಅಡಿಕೆ ಉಗಿದು, 'ಅಲ್ಲ ಸಾ, ಹೊಲದಲ್ಲಿ ದಾರ ಹಿಡ್ಕಂಡು ಬಿತ್ತಕ್ಕೆ ನಾವೇನು ಸೀರೆ ನೇಯ್ತೀವಾ?' ಅಂತ ನಕ್ಕರು. ಜಗಲಿ ಮೇಲಿದ್ದವರೆಲ್ಲ ನಕ್ಕರು. ಬಾಗಿಲ ಹಿಂದೆ ನಿಂತು ನಾನೂ ನಕ್ಕೆ.

ಗ್ರಾಮಸೇವಕರು ಸೈಕಲ್ ತಳ್ಳಿಕೊಂಡು ಪಕ್ಕದ ಜಗಲಿಗೆ ಹೋದರು. ನಾನು ಹಿತ್ತಲಿಗೆ ಹೋಗಿ ಗೋಡೆ ಮೇಲಿಂದ ಇಣುಕಿದೆ. ಮೈದುನ ಎಲ್ಲ ಕೇಳಿಸಿಕೊಂಡ. ಆಮೇಲೆ ಒಳಗೆ ತಿರುಗಿ, 'ಏನೇ, ಆಕಾನಾ?' ಅಂದ.

ಹೆಂಡ್ತಿಯನ್ನು ಕೇಳಿದ! ಪರಸ್ಥಳದ ಗಂಡಸಿನ ಮುಂದೆ, ಹೊಲದ ವಿಷಯ, ಹೆಂಡ್ತಿಯನ್ನು ಕೇಳಿದ. ಅವಳು ತಲೆ ಮೇಲೆ ಸೆರಗು ಎಳೆದುಕೊಂಡು ಹೊಸಿಲ ತನಕ ಬಂದು, ಆ ಹುಡುಗನ ಕೈಲಿದ್ದ ಅಚ್ಚಿನ ಕಾಗದ ಇಸ್ಕೊಂಡು, ನಿಂತಲ್ಲೇ ಪೂರ್ತಿ ಓದಿದಳು. 'ಗೊಬ್ಬರ ಬುಡಕ್ಕೆ ತಾಗಿದ್ರೆ ಸುಡಲ್ವಾ?' ಅಂತ ಕೇಳಿದಳು. 'ಮಳೆ ಹಿಂದೆ ಬಿದ್ರೆ ಏನು ಮಾಡೋದು?' ಅಂದಳು. ಆ ಹುಡುಗ ಜೇಬಿಂದ ಪುಸ್ತಕ ತೆಗೆದು ಅವಳ ಪ್ರಶ್ನೆ ಬರೆದುಕೊಂಡ. ಕೊನೆಗೆ ಅವಳು ಗಂಡನ ಕಡೆ ನೋಡಿ, 'ಕೆಳಗಿನ ಅರ್ಧ ಎಕರೆಗೆ ಹಾಕಿ ನೋಡೋಣ' ಅಂದಳು. ಅವನು 'ಸರಿ ಬುಡು' ಅಂದ. ಆವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಬೀಜ ಬಂತು. ಬಟ್ಟೆ ಚೀಲ, ಬಾಯಿಗೆ ಸೀಸದ ಮುದ್ರೆ. ಒಳಗೆ ಜೋಳ ಕೆಂಪಗಿತ್ತು. ಹುಳ ಹತ್ತದಿರಲಿ ಅಂತ ಔಷಧಿ ಸವರಿರುತ್ತಾರೆ ಅಂತ ಅವಳು ಬಂದವರಿಗೆಲ್ಲ ಓದಿ ಹೇಳಿದಳು. ಯಾರು ನಂಬುತ್ತಾರೆ? ಆ ಕೆಂಪಲ್ಲೇ ಏನೋ ಇದೆ ಅಂತ ನಾವೆಲ್ಲ ಮಾತಾಡಿಕೊಂಡೆವು. ಸರ್ಕಾರ ಸುಮ್ಮಸುಮ್ಮನೆ ಜೋಳಕ್ಕೆ ಬಣ್ಣ ಹಚ್ಚುತ್ತದಾ?

ಹೊಲದ ಮೂಲೆಗೆ ಒಂದು ಬೋರ್ಡು ನೆಟ್ಟರು. ದಾರ ಎಳೆದು, ಗೇಣು ಅಳೆದು, ಒಂದೊಂದೇ ಕಾಳು ಊರಿದರು. ಊರ ಹೆಂಗಸರು ಬದುವಿನ ಮೇಲೆ ಕೂತು ಗೇಲಿ ಮಾಡಿದ್ದೇ ಮಾಡಿದ್ದು. ಎಲ್ಲಕ್ಕಿಂತ ಜಾಸ್ತಿ ನಾನು. 'ಅಯ್ಯೋ, ಹೊಲಕ್ಕೆ ಬೈತಲೆ ತೆಗೀತಾವ್ರೆ ನೋಡ್ರೇ!' ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಸೊಂಟ ನೆಟ್ಟಗೆ ಮಾಡಿಕೊಂಡು, 'ಚೆನ್ನಾಗಿ ಹೇಳಿದ್ರಿ ಅಕ್ಕ' ಅಂದಳು. ನನಗೆ ಇನ್ನೂ ಕೋಪ ಬಂತು.

ಏಳನೇ ವಾರಕ್ಕೆ ಗೇಲಿ ನಿಂತಿತು. ಆ ಹಸಿರು ನಾನು ನೋಡಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದೇ ಎತ್ತರ, ಅಚ್ಚಲ್ಲಿ ತೆಗೆದ ಹಾಗೆ. ಆಮೇಲೆ ಒಂದೊಂದು ಗಿಡಕ್ಕೆ ಎರಡೆರಡು ತೆನೆ. ಹಾಸನದಿಂದ ಜೀಪು ಬಂತು. ಸಾಹೇಬರು ಹೊಲದೊಳಗೆ ಹೋಗಿ ತೆನೆ ಹಿಡಿದುಕೊಂಡು ನಿಂತರು. ದಾರಿಯಲ್ಲಿ ಹೋಗುವ ಗಾಡಿಗಳು ನಿಲ್ಲತೊಡಗಿದವು.

ಇದೆಲ್ಲ ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಯಾವುದು ಅಂದರೆ ನಮ್ಮಣ್ಣ. ನನ್ನ ಒಡಹುಟ್ಟಿದವನು, ನನ್ನ ತವರಿನಿಂದ, ಹೊಳೆನರಸೀಪುರದ ಕಡೆಯಿಂದ, ನಾಲ್ಕು ಜನರನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದ. ದೂರದಲ್ಲಿ ಗಾಡಿ ಕಂಡೇ ನಾನು ಒಲೆ ಮೇಲೆ ಎಸರಿಟ್ಟೆ. ಕಾದೆ, ಕಾದೆ, ಬರಲಿಲ್ಲ. ಅವರು ಸೀದಾ ಅವಳ ಹೊಲಕ್ಕೆ ಹೋಗಿದ್ದರು. ಹೊತ್ತು ನೆತ್ತಿಗೇರಿದ ಮೇಲೆ ನನ್ನ ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಾ, 'ಏನವ್ವಾ, ನಿನ್ನ ವಾರಗಿತ್ತಿ ಬಲೇ ಗಟ್ಟಿಗಿತ್ತಿ ಕಣವ್ವ! ಕೇಳಿದ್ದಕ್ಕೆಲ್ಲ ಪಟಪಟ ಅಂತ ಉತ್ತರ ಕೊಟ್ಟಳು. ನೀನೂ ಅವಳ ಹತ್ರ ಸ್ವಲ್ಪ ಕಲಿಬಾರ್ದಾ?' ಅಂದ. ಚೊಂಬು ಅವನ ಕೈಗೆ ಕೊಡುವ ಬದಲು ನೆಲಕ್ಕೆ ಕುಕ್ಕಿ ಒಳಗೆ ಹೋದೆ. ಆವತ್ತು ಅಣ್ಣನಿಗೆ ಬಡಿಸುವಾಗ ತುಪ್ಪ ಹಾಕಲಿಲ್ಲ. ಡಬ್ಬಿಯಲ್ಲಿ ತುಪ್ಪ ಇತ್ತು.

ಹೆಂಗಸರು ಈಗ ನನ್ನ ಜಗಲಿ ದಾಟಿಕೊಂಡು ಅವಳ ಜಗಲಿಗೆ ಹೋಗುತ್ತಿದ್ದರು. ಮೊದಲು 'ಏನಕ್ಕ, ಕೆಲಸ ಆಯ್ತಾ?' ಅಂತ ನಿಲ್ಲುತ್ತಿದ್ದವರು ಈಗ ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ನಾನು ರಾಗಿ ಬೀಸುತ್ತಾ ಎಣಿಸುತ್ತಿದ್ದೆ, ಇವತ್ತು ಆರು ಜನ ಹೋದರು, ಇವತ್ತು ಒಂಬತ್ತು.

ಜೋಳ ಮುರಿದ ಮೇಲೆ ತೆನೆ ಸುಲಿಯಲು ಮುಯ್ಯಾಳು ಕರೆದರು. ಇವತ್ತು ನಾವು ನಿಮ್ಮ ಕಣಕ್ಕೆ ಬಂದರೆ ನಾಳೆ ನೀವು ನಮ್ಮ ಕಣಕ್ಕೆ, ಕೂಲಿ ಇಲ್ಲ, ಅದೇ ಮುಯ್ಯಿ. ನನ್ನನ್ನೂ ಕರೆದಳು. ಹೋಗದೆ ಇರುವಂತಿಲ್ಲ. ರಾಶಿ ಆಳೆತ್ತರ ಇತ್ತು. ಒಂದೊಂದು ತೆನೆ ಮೊಣಕೈ ಉದ್ದ, ಕಾಳು ಹಲ್ಲಿನ ಹಾಗೆ ಒತ್ತೊತ್ತಾಗಿ ಕೂತಿದೆ. ಸುಲಿಯುತ್ತಾ ಒಬ್ಬಳು ಕೇಳಿದಳು, 'ನಮಗೂ ಒಂದೆರಡು ಬಳ್ಳ ಬಿತ್ತನೆಗೆ ಕೊಡವ್ವ.' ಅವಳು ಕೈ ನಿಲ್ಲಿಸಿ, 'ಇದು ಬಿತ್ತನೆಗೆ ಬರಲ್ಲ ಕಣಮ್ಮ, ತಿನ್ನಕ್ಕೆ ಮಾತ್ರ. ಇದನ್ನ ತಿರುಗಿ ಹಾಕಿದ್ರೆ ಇದೇ ಥರ ಬರಲ್ಲವಂತೆ. ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕಂತೆ' ಅಂದಳು.

ಬಿತ್ತನೆ ಕೇಳಿದವರಿಗೆ ಇಲ್ಲ ಅಂದಳು! ಅದೂ ಇಷ್ಟು ದೊಡ್ಡ ರಾಶಿ ಮುಂದೆ ಕೂತುಕೊಂಡು. ಹುಟ್ಟಿದಾಗಿನಿಂದ ನಾವು ನೋಡಿದ್ದೇ ಹಾಗೆ, ಒಳ್ಳೆ ತೆನೆಯಿಂದ ಒಳ್ಳೆ ಬೆಳೆ. ಬೆಳೆದದ್ದು ಬಿತ್ತನೆಗೆ ಬರಲ್ಲ ಅಂದರೆ ಏನು ಮಾತು ಅದು? ಹಸು ಹಾಕಿದ ಕರು ಹಸು ಆಗಲ್ಲ ಅಂದ ಹಾಗೆ. 'ನಾವೂ ಬೆಳೆದುಬಿಟ್ರೆ ಇವಳ ಹೊಲ ನೋಡಕ್ಕೆ ಯಾರು ಬತ್ತಾರೆ, ಅದಕ್ಕೇ ಕಣೇ' ಅಂತ ನಾನು ಪಕ್ಕದವಳ ಕಿವಿಯಲ್ಲಿ ಅಂದೆ. ಅಂದಿದ್ದನ್ನು ನಾನೇ ನಂಬಿದೆ.

ಎದ್ದು ಮನೆಗೆ ಹೊರಡುವಾಗ ಹದಿನಾಲ್ಕು ತೆನೆ ನನ್ನ ಮಡಿಲಲ್ಲಿತ್ತು. ಕದ್ದೆ. ಬೇರೆ ಮಾತು ಯಾಕೆ? ಸುಲಿಯುತ್ತಲೇ ಆರಿಸಿದ್ದೆ, ರಾಗಿ ಆರಿಸುವ ಹಾಗೇ, ಬುಡದಿಂದ ತುದಿ ತನಕ ತುಂಬಿದ್ದನ್ನೇ ಆರಿಸಿ ಸೆರಗಿಗೆ ಹಾಕಿಕೊಂಡಿದ್ದೆ. ಮಾರನೇ ದಿನವೂ ಮುಯ್ಯಿಗೆ ಹೋದೆ. ಮೂರನೇ ದಿನವೂ ಹೋದೆ. ಅಟ್ಟದ ಮೇಲೆ ಒಂದು ಮಂಕರಿ ತುಂಬಿತು.

ಆ ಕಾಳು ಬಿಡಿಸಿ, ಬೂದಿ ಹಾಕಿ, ಲಕ್ಕಿ ಸೊಪ್ಪು ಹಾಕಿ ಹೊಸ ಗುಡಾಣಕ್ಕೆ ತುಂಬಿದೆ. ಮಳೆಗಾಲ ಹತ್ತಿರ ಬಂದಾಗ ಬಾಯಿ ತೆಗೆದು ನೋಡಿದರೆ ಕಾಳು ಹಳದಿ. ಸರ್ಕಾರದ್ದು ಕೆಂಪು. ಮನಸ್ಸಿಗೆ ಸಮಾಧಾನ ಆಗಲಿಲ್ಲ. ಗೋಡೆಗೆ ಸಾರಿಸಲು ಇಟ್ಟಿದ್ದ ಕೆಮ್ಮಣ್ಣು ಇತ್ತು. ಸ್ವಲ್ಪ ನೀರಲ್ಲಿ ಕಲಸಿ ಕಾಳಿಗೆ ಸವರಿ ನೆರಳಲ್ಲಿ ಆರಿಸಿದೆ. ನೋಡಿದರೆ ಥೇಟ್ ಸರ್ಕಾರದ ಬೀಜವೇ! ಈಗ ನಗು ಬರುತ್ತದೆ. ಆಗ ಕೈ ಮುಗಿಯುವುದೊಂದು ಬಾಕಿ. ಮೋಸ ಮಾಡಬೇಕು ಅಂತ ಹಚ್ಚಿದೆನೋ, ಶಕ್ತಿ ಬರಲಿ ಅಂತ ಹಚ್ಚಿದೆನೋ ಅಂತ ಕೇಳಿದರೆ, ಎರಡೂ ಇತ್ತು.

ಮಳೆ ಬಿತ್ತು. ನೀರಿನ ಹೊಂಡದ ಹತ್ತಿರ ಒಬ್ಬಳಿಗೆ ಮೆಲ್ಲಗೆ ಹೇಳಿದೆ, 'ಆ ಜೋಳ ನನ್ನ ಹತ್ರ ಐತೆ. ಬೇಕಾದ್ರೆ ಬಾ.' ಸಾಯಂಕಾಲಕ್ಕೆ ಮೂರು ಮೊರ ಬಂದವು. ಮಾರನೇ ದಿನ ನಾಲ್ಕು. 'ಅದೇ ಬೀಜನಾ ಅಕ್ಕ?' ಅಂತ ಕೇಳಿದರು. 'ಅದೇ. ಅವಳೇ ಕೊಟ್ಟಳು ನನಗೆ, ಯಾರಿಗೂ ಹೇಳ್ಬೇಡ ಅಂದವ್ಳೆ. ನೀವೂ ಬಾಯಿ ಬಿಡಬೇಡಿ' ಅಂದೆ. ಏಳು ಮನೆಗೆ ಅಳೆದು ಹಾಕಿದೆ. ಉಳಿದದ್ದನ್ನು ನಮ್ಮ ಹೊಲಕ್ಕೆ ಇಟ್ಟುಕೊಂಡೆ, ಅವಳ ಬೆಳೆ ಕಂಡಿದ್ದ ನಮ್ಮನೆಯವರು ಈ ಸಲ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ದಾರ ಹಿಡಿಯಿರಿ, ಗೇಣು ಬಿಡಿ, ಅಂತ ಅವಳು ಹೇಳುತ್ತಿದ್ದದ್ದನ್ನೆಲ್ಲ ನಾನೇ ಹೇಳಿದೆ. ಅವರು ಹೂಂ ಅಂದರು. ಇಷ್ಟು ಸಂತೋಷ ನನಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ, ನಿಜ.

ಏಳರಲ್ಲಿ ಒಂದು ಮನೆ ಗಂಡ ಸತ್ತ ಹೆಂಗಸಿನದು. ಅವಳಿಗೆ ಇದ್ದದ್ದು ಒಂದೇ ತುಂಡು ಹೊಲ. 'ಪೂರ್ತಿ ಜೋಳನೇ ಆಕ್ಲಾ, ಅರ್ಧ ರಾಗಿ ಆಕ್ಲಾ?' ಅಂತ ನನ್ನ ಮುಖ ನೋಡಿದಳು. 'ಪೂರ್ತಿ ಹಾಕು' ಅಂದೆ.

ಮೊಳಕೆ ಬಂತು, ಗೆಲುವಾಗಿಯೇ ಬಂತು. ನಮ್ಮ ಹೊಲದ ಜೋಳ ಮೊಣಕಾಲುದ್ದ ಇದ್ದಾಗ ವಾರಗಿತ್ತಿ ಆ ದಾರಿಯಲ್ಲಿ ಬುತ್ತಿ ಹೊತ್ತು ಹೋಗುತ್ತಿದ್ದಳು. ನಿಂತಳು. ಗಿಡ ನೋಡಿದಳು, ನನ್ನ ನೋಡಿದಳು.

'ಅಕ್ಕ, ಬೀಜ ಎಲ್ಲಿಂದ ತಂದ್ರಿ?'

'ಹಾಸನದ ಸಂತೆಯಿಂದ.'

'ಭಾವ ಹೋಗಿದ್ರಾ ಹಾಸನಕ್ಕೆ?'

'ಯಾಕೆ, ಹಾಸನ ನಿನ್ನ ಗಂಡ ಒಬ್ಬನಿಗೇ ಬರಕೊಟ್ಟೈತಾ?'

ಅವಳು ಬುತ್ತಿ ಸರಿಮಾಡಿಕೊಂಡು ಹೋದಳು. ಅವಳಿಗೆ ಆಗಲೇ ಗೊತ್ತಾಗಿತ್ತು, ನನಗೂ ಅವಳಿಗೆ ಗೊತ್ತಾಯಿತು ಅಂತ ಗೊತ್ತಾಯಿತು. ಅವರ ಮನೆಯಲ್ಲಿ ಆ ವರ್ಷ ಮತ್ತೆ ಹೊಸ ಚೀಲ ತಂದು ಬಿತ್ತಿದ್ದರು. 'ದುಡ್ಡು ಹೆಚ್ಚಾಗೈತೆ, ಮೆರೀತಾವ್ರೆ' ಅಂತ ನಾನು ಊರೆಲ್ಲ ಹೇಳಿದ್ದೆ.

ಆಮೇಲೆ ಗಿಡ ಬೆಳೆಯಿತು, ಬೆಳೆಯಬಾರದ ಹಾಗೆ ಬೆಳೆಯಿತು. ಒಂದು ಮಂಡಿಗೆ ಬಂದರೆ ಪಕ್ಕದ್ದು ತಲೆಗೆ ಮೀರಿ ಹೋಯಿತು. ಒಂದು ಹೂ ಬಿಟ್ಟಾಗ ಇನ್ನೊಂದು ಇನ್ನೂ ಎಲೆ ಬಿಚ್ಚುತ್ತಿತ್ತು. ಕೆಲವು ಗಿಡ ತೆನೆಯನ್ನೇ ಕಟ್ಟಲಿಲ್ಲ. ಕಟ್ಟಿದ್ದು ಬೆರಳುದ್ದ, ಸುಲಿದರೆ ಒಳಗೆ ಅಲ್ಲೊಂದು ಕಾಳು ಇಲ್ಲೊಂದು ಕಾಳು. ನಾನು ದಿನಾ ಬೆಳಿಗ್ಗೆ ಹೋಗಿ ಸಾಲಿನ ಮಧ್ಯೆ ನಿಲ್ಲುತ್ತಿದ್ದೆ. ಅಷ್ಟು ಚೆನ್ನಾಗಿ ಆರಿಸಿದ್ದೆ, ಏನು ತಪ್ಪಿದೆ? ಬೂದಿ ಕಡಿಮೆ ಆಯಿತಾ? ಕೆಮ್ಮಣ್ಣು ಜಾಸ್ತಿ ಆಯಿತಾ? ಸೀಮೆ ಗೊಬ್ಬರ ಇಲ್ಲದ್ದಕ್ಕಾ? ಅವಳು ಕಣದಲ್ಲಿ ಹೇಳಿದ್ದು ನಿಜ ಇರಬಹುದು ಅಂತ ಒಂದೇ ಒಂದು ದಿನವೂ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಲು ಬಿಡಲಿಲ್ಲ. ರಸ್ತೆಯ ಆ ಕಡೆ ಅವಳ ಅರ್ಧ ಎಕರೆ ಹೋದ ವರ್ಷದ ಹಾಗೇ ಒಂದೇ ಎತ್ತರಕ್ಕೆ ನಿಂತಿತ್ತು.

ಏಳು ಮನೆಯವರೂ ಒಟ್ಟಿಗೆ ಬಂದರು. ಬೆಳಗಿನ ಹೊತ್ತು, ನಾನು ಅಂಗಳ ಗುಡಿಸುತ್ತಿದ್ದೆ. ಗಂಡಸರು ಹಿಂದೆ, ಹೆಂಗಸರು ಮುಂದೆ. ಗಂಡ ಸತ್ತವಳು ಮಡಿಲಿಂದ ನಾಲ್ಕು ತೆನೆ ತೆಗೆದು ನನ್ನ ಕಾಲ ಹತ್ತಿರ ಹಾಕಿದಳು. 'ನಿನ್ ಕೈ ಬಿತ್ನೆ ಅಂತ ನಂಬ್ಕಂಡು ಪೂರ್ತಿ ಹಾಕ್ದೆ ಕಣಕ್ಕ. ನೀನೇ ಪೂರ್ತಿ ಹಾಕು ಅಂದೆ. ರಾಗಿ ಒಂದು ಕಾಳಿಲ್ಲ ಮನೇಲಿ. ವರ್ಷ ಪೂರ್ತಿ ಮಕ್ಳಿಗೆ ಏನಿಕ್ಲಿ?' ಅಂದಳು. ಬೈಯಲಿಲ್ಲ. ಉತ್ತರ ಬೇಕು ಅಂತ ನಿಂತಳು, ಅಷ್ಟೇ.

ಊರೆಲ್ಲ ನನ್ನನ್ನು ನೋಡುತ್ತಿತ್ತು. ನಮ್ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಪೊರಕೆ ಕೆಳಗೆ ಹಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

'ನನ್ನನ್ಯಾಕೆ ಕೇಳ್ತೀರಿ? ಅದೇನು ನನ್ನ ಹೊಲದ್ದಾ? ಅವಳ ಹೊಲದ್ದು, ಅವಳೇ ಕೊಟ್ಟಿದ್ದು. ತಾನು ಒಳ್ಳೇ ಬೀಜ ತಂದು ಬಿತ್ಕೊಂಡು ನಮಗೆ ಏನು ಮಾಡಿ ಕೊಟ್ಟಳೋ! ಹೋಗಿ ಅವಳನ್ನೇ ಕೇಳಿ' ಅಂದೆ.

ಗಲಾಟೆ ಕೇಳಿ ಅವಳು ಕೈ ಒರೆಸಿಕೊಳ್ಳುತ್ತಾ ಆಗಲೇ ಜಗಲಿಗೆ ಬಂದಿದ್ದಳು. ನಾನು ಹೇಳಿದ್ದು ಪೂರ್ತಿ ಕೇಳಿಸಿಕೊಂಡಿದ್ದಳು. ಈಗ ಆಡುತ್ತಾಳೆ ಅಂದುಕೊಂಡೆ. 'ನಾನೆಲ್ಲಿ ಕೊಟ್ಟೆ? ಕದ್ದಿದ್ದು ಇವರು' ಅಂತ ಒಂದು ಮಾತು ಅಂದರೆ ಮುಗಿಯಿತು, ನನ್ನ ಮಾನ ಬೀದಿಪಾಲು. ಅವಳು ಕೆಳಗೆ ಬಿದ್ದಿದ್ದ ತೆನೆ ಎತ್ತಿಕೊಂಡಳು. ಹೆಬ್ಬೆರಳಲ್ಲಿ ಕಾಳು ತಡವಿದಳು. ನನ್ನ ಕಡೆ ಒಂದು ಸಲ ನೋಡಿದಳು.

'ಹೂಂ, ನಾನೇ ಕೊಟ್ಟಿದ್ದು' ಅಂದಳು. 'ಬಿತ್ತನೆಗೆ ಬರಲ್ಲ ಅಂತ ಗೊತ್ತಿದ್ದೂ ಅಕ್ಕನಿಗೆ ಇಲ್ಲ ಅನ್ನಕ್ಕಾಗಲಿಲ್ಲ. ತಪ್ಪು ನಂದೇ.'

ಆಮೇಲೆ ಅವಳ ಮೇಲೆ ಬಿದ್ದ ಮಾತುಗಳನ್ನು ಬರೆಯಲು ನನಗೆ ಕೈ ಬರುವುದಿಲ್ಲ. ತನಗೊಂದು ಊರಿಗೊಂದು ಬೀಜ ಇಟ್ಟುಕೊಂಡವಳು ಅಂದರು. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮೈದುನ ಹಟ್ಟಿಯಿಂದ ಓಡಿಬಂದವನು ತಲೆ ತಗ್ಗಿಸಿ ನಿಂತ. ವಾರದ ಮೇಲೆ ಗ್ರಾಮಸೇವಕರು ಬಂದು, ಹೈಬ್ರಿಡ್ ಬೀಜದ ಸ್ವಭಾವವೇ ಹಾಗೆ, ಯಾರೂ ಏನೂ ಮಾಡಿಲ್ಲ ಅಂತ ಪರಿಪರಿಯಾಗಿ ಹೇಳಿದರು. 'ನೀನೂ ಅವಳ ಕಡೆಯೋನೇ, ಓಗಯ್ಯ' ಅಂದುಬಿಟ್ಟರು ಊರವರು. ಬೋರ್ಡನ್ನು ಯಾರೋ ಕಿತ್ತು ಕಟ್ಟಿಗೆ ಮಾಡಿಕೊಂಡರು. ಮುಂದಿನ ವರ್ಷ ಆ ಹುಡುಗ ಬೇರೆ ಊರಿಗೆ ತನ್ನ ಜೋಳ ತೆಗೆದುಕೊಂಡು ಹೋದ. ಆ ಊರವರು ಈಗ ಎಷ್ಟು ಅನುಕೂಲವಾಗಿದ್ದಾರೆ ಅಂತ ನಮ್ಮೂರವರಿಗೆ ಗೊತ್ತು. ನಮ್ಮೂರಿಗೆ ಹೈಬ್ರಿಡ್ ತಿರುಗಿ ಕಾಲಿಡಲು ಹತ್ತು ವರ್ಷದ ಮೇಲೇ ಆಯಿತು.

ಗಂಡ ಸತ್ತವಳ ಮನೆಗೆ ನಾನು ಎರಡು ಮೂಟೆ ರಾಗಿ ಕಳಿಸಿದೆ, ವಾರಗಿತ್ತಿಯೂ ಕಳಿಸಿದಳು. ಆ ಹೆಂಗಸು ನನ್ನದು ಇಟ್ಟುಕೊಂಡು ವಾರಗಿತ್ತಿಯದನ್ನು ವಾಪಸು ಕಳಿಸಿದಳು.

ಒಂದು ದಿನ ನೀರಿನ ಹೊಂಡದ ಹತ್ತಿರ ನಾವಿಬ್ಬರೇ ಸಿಕ್ಕಿದೆವು. ನಾನೇ ಕೇಳಿದೆ, ದನಿ ಗಡುಸಾಗಿಯೇ ಇತ್ತು, 'ಕೊಟ್ಟೆ ಅಂತ ಯಾಕಂದೆ ಆವತ್ತು?'

ಅವಳು ಕೊಡ ಇಳಿಸಿದಳು. 'ನನ್ನ ಜೋಳದ್ದು ಎರಡು ವರ್ಷದ ಮಾತು ಅಕ್ಕ, ಹೋದ್ರೆ ಹೋಗ್ಲಿ. ನಿಮ್ಮ ರಾಗಿ ಗುಡಾಣದ ಮೇಲೆ ಜನಕ್ಕೆ ಅನುಮಾನ ಬಂದ್ರೆ, ನಾಳೆ ಅವರು ಬಿತ್ತನೆಗೆ ಯಾರ ಹತ್ರ ಹೋಗ್ತಾರೆ?'

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೊಡದ ನೀರು ತಲೆ ಮೇಲೆ ಸುರಿದಿದ್ದರೂ ಸರಿಯೇ. ಅವಳ ಜೋಳ ನೋಡಿ ಉರಿದದ್ದು, ಓದು ನೋಡಿ ಉರಿದದ್ದು, ಅದೆಲ್ಲ ಈ ಮಾತಿನ ಮುಂದೆ ಏನೂ ಅಲ್ಲ. ಇಂಥ ಮಾತು ನನ್ನ ಬಾಯಲ್ಲಿ ಈ ಜನ್ಮದಲ್ಲಿ ಬರಲ್ಲ ಅಂತ ಆ ಗಳಿಗೆಯಲ್ಲಿ ಗೊತ್ತಾಯಿತು. ಅವಳನ್ನು ನಾನು ಆವತ್ತು ದ್ವೇಷಿಸಿದಷ್ಟು ಯಾವತ್ತೂ ದ್ವೇಷಿಸಿರಲಿಲ್ಲ. ಕೊಡ ಎತ್ತಿಕೊಂಡು ಬಂದೆ.

ಆದರೆ ಗೋಡೆ ತೆಳುವು. ಸಂಜೆ ಹೊತ್ತು ಮೈದುನನ ದನಿ ಕೇಳುತ್ತಿತ್ತು. ಪೇಟೆಯಲ್ಲಿ ಯಾರೋ ಆಡಿಕೊಂಡರಂತೆ. 'ನಿನ್ನ ಓದು ಕಟ್ಕಂಡು ಊರಲ್ಲಿ ತಲೆ ಎತ್ತಂಗಿಲ್ಲ. ಸಾಕು, ಇನ್ನು ಹೊಲದ ಸುದ್ದಿ ನಿನಗೆ ಬ್ಯಾಡ. ಮುದ್ದೆ ತಿರುವು' ಅನ್ನುತ್ತಿದ್ದ. ಅವಳ ದನಿ ಕೇಳುತ್ತಲೇ ಇರಲಿಲ್ಲ. ಹೋದ ವರ್ಷ ಇದೇ ಹೊತ್ತಿನಲ್ಲಿ ಅವರಿಬ್ಬರೂ ಜಗಲಿಯಲ್ಲಿ ಕೂತು, ಅವಳು ಕಾಗದ ಓದುವುದು, ಅವನು 'ಇನ್ನೊಂದ್ ಸಲ ಓದು' ಅನ್ನುವುದು, ನಾನು ಇಲ್ಲಿ ಹಲ್ಲು ಕಡಿಯುವುದು. ಈಗ ಒಂದು ತಿಂಗಳು, ಎರಡು ತಿಂಗಳು, ಬರೀ ಅವನ ದನಿಯೇ. ನನಗೆ ಮೊದಮೊದಲು ಖುಷಿಯಾಯಿತು. ಆಮೇಲೆ ಅನ್ನ ಸೇರದಾಯಿತು.

ಮುಂಗಾರು ಬರುವ ಮೊದಲು ಹೇಳಿಬಿಡುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ. ಊರಿಗೆ ಬೇಡ, ಮೈದುನನಿಗೆ ಒಬ್ಬನಿಗೆ. 'ಅವಳು ಕೊಡಲಿಲ್ಲಪ್ಪ, ನಾನು ಕದ್ದೆ, ನನ್ನ ಮಾನ ಉಳಿಸೋಕೆ ಅವಳು ಹಾಗಂದಳು' ಅಂತ. ಇಷ್ಟೇ ಮಾತು. ದಾರಿಯುದ್ದಕ್ಕೂ, ಇರುವ ನಾಲ್ಕು ಹೆಜ್ಜೆ ದಾರಿಯಲ್ಲಿ, ಅದನ್ನೇ ಅಂದುಕೊಂಡು ಹೋದೆ.

ಮೈದುನ ಜಗಲಿ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವಳು ಒಳಗೆ ಒಲೆ ಮುಂದೆ ಕೂತಿದ್ದಳು. ನಾನು ಬಾಯಿ ತೆಗೆಯುವುದಕ್ಕೆ ಮುಂಚೆ ಅವನೇ ಅಂದ, 'ಒಳ್ಳೇ ಹೊತ್ಗೆ ಬಂದ್ರಿ ಬನ್ನಿ ಅತ್ತಿಗೆ. ಇವಳ ಮಾತು ಕೇಳಿ ಕೆಟ್ಟೆ. ನೀವೇ ಹೇಳಿ, ಈ ಸಲ ಏನು ಬಿತ್ತಾನ?'

ಒಬ್ಬ ಗಂಡಸು, ಅವನ ಮನೆಯ ಜಗಲಿಯಲ್ಲಿ, ಅವನ ಹೊಲದ ವಿಷಯ, ನನ್ನನ್ನು ಕೇಳಿದ. ಒಲೆ ಊದುತ್ತಿದ್ದವಳು ಊದುವುದು ನಿಲ್ಲಿಸಿದಳು. ನಾನು ಯಾಕೆ ಬಂದಿದ್ದೇನೆ ಅಂತ ಅವಳಿಗೆ ನನ್ನ ಮುಖ ನೋಡಿಯೇ ಗೊತ್ತಾಗಿತ್ತು ಅಂತ ಈಗಲೂ ನನಗನ್ನಿಸುತ್ತದೆ.

'ರಾಗಿ ಹಾಕಪ್ಪ' ಅಂದೆ. 'ಬಿತ್ತನೆ ನಾನು ಕೊಡ್ತೀನಿ.'

ಅವನು ಹೂಂ ಅಂದ. ಯಾವ ಹೊಲಕ್ಕೆ ಮೊದಲು, ಎಷ್ಟು ದಿನ ತಡೆಯಬೇಕು, ಗೊಬ್ಬರ ಎಲ್ಲಿ ಚೆಲ್ಲಬೇಕು, ಅವನು ಒಂದೊಂದಾಗಿ ಕೇಳಿದ, ನಾನು ಒಂದೊಂದಾಗಿ ಹೇಳಿದೆ. ಅವಳು ಕಾಫಿ ತಂದು ನನ್ನ ಮುಂದಿಟ್ಟಳು. ಕುಡಿದು ಮನೆಗೆ ಬಂದೆ.